ಸೀಟಿ ಊದುವ ತನಕ ಸತ್ತಿದ್ದವರು

ಇಕ್ಕೇರಿಯ ಹತ್ತಿರ ಕೊಯ್ಲಾದ ಒಂದು ಗದ್ದೆಯಲ್ಲಿ ಕೆಳದಿ ಅರಸರ ಕಾಲದ ಯುದ್ಧವನ್ನು ಮತ್ತೆ ಆಡಿ ತೋರಿಸಿದರು. ಮೈಕಿನಲ್ಲಿ ಅದರ ಕಥೆ ಹೇಳುವ ಕೆಲಸ ನನ್ನದು. ಸಾಗರದ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಕಂಡವರ ಮನೆಯ ಅಡಿಕೆ ಸುಲಿದು ಓದಿದ್ದು, ಯಾರೂ ದಾನ ಕೊಟ್ಟದ್ದಲ್ಲ. ಹಾಗಾಗಿ ಸಮಿತಿಯವರು ಕರೆದಾಗ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಸಮಿತಿಯ ಮುಖಂಡ ನಮ್ಮ ಹಳೆಯ ಒಡೆಯರ ಮೊಮ್ಮಗ. ನನ್ನ ಅಪ್ಪಯ್ಯ ಹರೆಯದಲ್ಲಿ ಅವರ ಗದ್ದೆಯನ್ನೇ ಗೇಣಿಗೆ ಮಾಡುತ್ತಿದ್ದ. ಉಳುವವನೇ ಒಡೆಯ ಎಂಬ ಕಾನೂನು ಬಂದು ಅದು ನಮ್ಮದಾಗಿ ಎಷ್ಟೋ ಕಾಲವಾಯಿತು. ಮೊಮ್ಮಗನಿಗೆ ಈಗ ತೀರ್ಥಹಳ್ಳಿಯಲ್ಲಿ ಅಡಿಕೆ ಮಂಡಿ. ದಳಪತಿಯ ವೇಷ ಅವನದೇ. ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಬಿಳಿ ಕುದುರೆ ತರಿಸಿದ್ದ. ಸರದಾರರೆಲ್ಲ ಅವನ ನೆಂಟರು. ಸಾಯುವುದಕ್ಕೆ ನಮ್ಮ ಕೇರಿಯವರು. ಯಾರೂ ಕೂತು ತೀರ್ಮಾನಿಸಿದ್ದಲ್ಲವಂತೆ, ತಾನಾಗಿ ಹಾಗೆ ಬಂತಂತೆ. ಇಡೀ ಆಟದಲ್ಲಿ ಚರಿತ್ರೆಗೆ ಸರಿಹೊಂದಿದ್ದು ಅದೊಂದೇ.

ದಂಡು ತುಳಿದ ಗದ್ದೆಗಳಲ್ಲಿ ಆ ವರ್ಷ ಯಾರು ಬಿತ್ತಿದರು, ಸತ್ತ ಕಾಲಾಳುಗಳ ಹೆಂಡಿರು ಮಕ್ಕಳು ಏನು ಉಂಡರು ಎಂದೆಲ್ಲ ನಾನು ಬರೆದುಕೊಟ್ಟಿದ್ದೆ. ಜನರ ಹುರುಪು ಇಳಿಯುತ್ತದೆ ಎಂದು ಮೊಮ್ಮಗ ಅದನ್ನು ಹೊಡೆದುಹಾಕಿದ. ಮಕ್ಕಳಿಗೆ ಇತಿಹಾಸ ತಿಳಿಯಬೇಕು ಎಂದು ಉದ್ಘಾಟನೆಯಲ್ಲಿ ಭಾಷಣ ಮಾಡಿದ್ದೂ ಅದೇ ಬಾಯಿ. ಮಕ್ಕಳು ಕಂಡದ್ದು ರಟ್ಟಿನ ಕತ್ತಿ, ಕುಂಕುಮ ಕದಡಿದ ನೀರು, ತಲೆಯ ಮೇಲೆ ಗುಂಯ್‌ಗುಡುವ ಡ್ರೋನ್. ಹೊರಳಾಡಿ ಚೆನ್ನಾಗಿ ಸತ್ತವನಿಗೆ ಚಪ್ಪಾಳೆ. ಹೊಟ್ಟೆ ಬಗೆಸಿಕೊಂಡವನು ನೀರು ನೀರು ಎಂದು ಸಂಜೆಯ ತನಕ ಕೂಗುವುದನ್ನು ಮಂಡಕ್ಕಿ ತಿನ್ನುತ್ತ ನೋಡಲಿಕ್ಕಾಗುತ್ತದೆಯೇ? ಅದಕ್ಕೇ ಅದು ಇರಲಿಲ್ಲ.

ಅಪ್ಪಯ್ಯನೂ ಹೆಣವಾಗುತ್ತಾನೆಂದು ನನಗೆ ತಿಳಿದದ್ದು ಗದ್ದೆಗೆ ಹೋದ ಮೇಲೆ. ಎಪ್ಪತ್ತೈದು ದಾಟಿದ, ಬಿಪಿ ಮಾತ್ರೆ ನುಂಗುವ ಮನುಷ್ಯ. ಬಿಸಿಲಲ್ಲಿ ಬೇಡವೆಂದೆ. ಒಡೇರು ಕರೆದರು, ಬಂದೆ ಎಂದ.

ಯುದ್ಧ ಮುಗಿಯಿತು. ಗೆದ್ದವರು ಕುದುರೆಯ ಜತೆ ಫೋಟೊ ತೆಗೆಸಿಕೊಂಡು ಶಾಮಿಯಾನದ ಊಟಕ್ಕೆ ಹೋದರು. ಸತ್ತವರಲ್ಲಿ ಹುಡುಗರೆಲ್ಲ ಎದ್ದು ನಡೆದರು. ಮುದುಕರು ಮಾತ್ರ ಕೂಳೆಯ ಮೇಲೆ ಬಿದ್ದೇ ಇದ್ದರು. ಓಡಿಹೋಗಿ ಅಪ್ಪಯ್ಯನ ಭುಜ ಅಲ್ಲಾಡಿಸಿದೆ.

“ಸೀಟಿ ಊದ್ಲಿಲ್ವಲ ಹುಡ್ಗಿ” ಎಂದ, ಕಣ್ಣು ತೆರೆಯದೆ. “ಊದಾ ತನ್ಕ ಏಳ್ಬಾರ್ದು ಅಂದಾರೆ ಒಡೇರು.”

ತುಟಿ ಒಣಗಿ ಬೆಳ್ಳಗಾಗಿತ್ತು. ಮುಗಿಯಿತು, ಎಲ್ಲರೂ ಹೋದರು ಎಂದು ಎಷ್ಟು ಹೇಳಿದರೂ ಇಲ್ಲ.

“ನಿನ್ ಮಗ್ಳು ಓದ್ದೋಳು ಮಾರಾಯ, ಕೇಳು” ಎಂದಿತು ಪಕ್ಕದ ಹೆಣ. ತಾನೂ ಏಳಲಿಲ್ಲ.

ಶಾಮಿಯಾನಕ್ಕೆ ಹೋದೆ. ದಳಪತಿ ಎಲೆಯ ಮುಂದೆ ಕೂತು ಪಾಯಸ ಸುರಿಯುತ್ತಿದ್ದ, ಸೀಟಿ ಕೊರಳಲ್ಲೇ ನೇತಾಡುತ್ತಿತ್ತು. ಮುದುಕರು ಇನ್ನೂ ಬಿಸಿಲಲ್ಲಿ ಮಲಗಿದ್ದಾರೆ ಎಂದೆ. ಅವನಿಗೆ ಮರೆತೇಹೋಗಿತ್ತಂತೆ. ನಕ್ಕ. ಪಕ್ಕದ ಎಲೆಯವನ ಕಡೆ ತಿರುಗಿ, “ಎಂಥಾ ಡೆಡಿಕೇಶನ್ ನೋಡಿ” ಎಂದ.

ಅವನ ಕೈ ಎಂಜಲಾಗಿತ್ತು. ನಾನೇ ಅವನ ಕೊರಳಿಂದ ಸೀಟಿಯ ದಾರ ತೆಗೆದು, ಎಲೆಯ ಎದುರೇ ನಿಂತು ಊದಿದೆ. ಪಂಕ್ತಿಯೆಲ್ಲ ತಲೆಯೆತ್ತಿತು. ಆಚೆ ಗದ್ದೆಯಲ್ಲಿ ಮುದುಕರು ಒಬ್ಬರ ರಟ್ಟೆ ಒಬ್ಬರು ಹಿಡಿದು, ಬೆನ್ನಿನ ಹುಲ್ಲು ಕೊಡವಿಕೊಳ್ಳುತ್ತ ಎದ್ದರು. ಅಪ್ಪಯ್ಯನಿಗೆ ನೆಟ್ಟಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಊಟಕ್ಕೆ ನಿಲ್ಲಲಿಲ್ಲ. ಅಪ್ಪಯ್ಯನಿಗೆ ಅಂಗಡಿಯಲ್ಲಿ ಸೋಡಾ ಕುಡಿಸಿ, ಕರೆದುಕೊಂಡು ಬಸ್ಸು ಹತ್ತಿದೆ. ಸೀಟಿ ನನ್ನ ಬ್ಯಾಗಿನಲ್ಲೇ ಉಳಿದದ್ದು ಕಂಡು ಅಪ್ಪಯ್ಯ ಸಾಗರದ ತನಕವೂ ಚಡಪಡಿಸಿದ. ವಾಪಸು ಕೊಟ್ಟು ಬರಬೇಕಿತ್ತಂತೆ, ಒಡೇರು ಏನೆಂದುಕೊಂಡಾರು.

ಕೊಟ್ಟಿಲ್ಲ. ಕೊಡುವುದೂ ಇಲ್ಲ.