ಮರಿಯಣ್ಣ ಉಜ್ಜಿದ ಗೂಡ್ಸ್ ಬೋಗಿಗಳು

ಬೆಳಗ್ಗೆ ಆರು ಗಂಟೆ. ಶ್ರೀರಾಂಪುರದ ಒಂದು ತಾರಸಿಯ ಮೇಲೆ ಮರಿಯಣ್ಣ ಹಳೇ ಬನಿಯನ್ ತುಂಡನ್ನು ಥಿನ್ನರ್‌ನಲ್ಲಿ ಅದ್ದಿ, ಗೇಣುದ್ದದ ಆಟಿಕೆ ಗೂಡ್ಸ್ ಬೋಗಿಯೊಂದನ್ನು ಒರೆಸುತ್ತಿದ್ದಾರೆ. ಬೋಗಿಯ ಮೈಮೇಲಿನ 'ಚಂದ್ರಕಾಂತಿ ಸೋಪು' ಎಂಬ ಕೆಂಪು ಜಾಹೀರಾತು ಅಕ್ಷರ ಅಕ್ಷರವಾಗಿ ಕರಗಿ ಬಟ್ಟೆಗೆ ಬರುತ್ತದೆ. ಅದರ ಕೆಳಗೇನಿದೆ ಎಂದು ಅವರು ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ಬರೀ ತಗಡು.

ಅರವತ್ತೊಂಬತ್ತರ ಮರಿಯಣ್ಣ ಅಂಗಡಿ ಬೋರ್ಡ್ ಬರೆಯುತ್ತಿದ್ದವರು. ಚಾಮರಾಜಪೇಟೆಯಿಂದ ಮತ್ತಿಕೆರೆಯವರೆಗೆ ಅವರ ಕೈಬರಹವಿತ್ತು. ಫ್ಲೆಕ್ಸ್ ಬಂದು ಎಲ್ಲವನ್ನೂ ನುಂಗಿ ನೀರು ಕುಡಿಯಿತು. ಅಕ್ಕಿಪೇಟೆಯ ಗುಜರಿ ಅಂಗಡಿಗಳಲ್ಲಿ ಸಿಗುತ್ತಿದ್ದ ಜಾಹೀರಾತಿನ ಬೋಗಿಗಳನ್ನು ಮೂವತ್ತು ವರ್ಷ ಕೂಡಿಹಾಕಿದ್ದಾರೆ. ಒಟ್ಟು ನಲವತ್ತೊಂದು. "ರೈಲಿನ ಹುಚ್ಚಲ್ಲ ಸರ್. ಇಷ್ಟು ಚಿಕ್ಕ ಜಾಗದಲ್ಲಿ ಅಕ್ಷರ ಹೆಂಗೆ ಕೂರ್ಸಿದಾರೆ ಅಂತ ನೋಡಕ್ಕೆ ತರ್ತಿದ್ದೆ."

ಮಾಸಿದ ಬಣ್ಣ ಕಂಡರೆ ಬೋರ್ಡ್ ಬರೆಯುವವರ ಕೈ ಸುಮ್ಮನಿರುವುದಿಲ್ಲ. ಹಳೆಯದನ್ನು ಉಪ್ಪುಕಾಗದದಿಂದ ಪೂರ್ತಿ ಉಜ್ಜಿ ತೆಗೆದು, ಪ್ರೈಮರ್ ಬಳಿದು, ಹೊಸದಾಗಿ ಬರೆಯುವುದು ಆ ಕಸುಬಿನ ಕ್ರಮ. ಮರಿಯಣ್ಣ ನಲವತ್ತೊಂದಕ್ಕೂ ಅದನ್ನೇ ಮಾಡಿದರು. ಎರಡು ತಿಂಗಳ ಹಿಂದೆ ಬಸವನಗುಡಿಯಲ್ಲಿ ಹಳೇ ಆಟಿಕೆಗಳ ಪ್ರದರ್ಶನವಿದೆ ಎಂದು ತಿಳಿದು, ಎಲ್ಲವನ್ನೂ ಪಂಚೆಯಲ್ಲಿ ಸುತ್ತಿ ಹೊತ್ತೊಯ್ದರು. ಅದನ್ನು ಏರ್ಪಡಿಸಿದ್ದ ವಸಿಷ್ಠ ಭೂತಗನ್ನಡಿ ಹಿಡಿದು ನೋಡಿ ಮೆತ್ತಗೆ ಹೇಳಿದರಂತೆ: "ಇವಕ್ಕೆ ಆ ಹಳೇ ಬಣ್ಣಾನೇ ಜೀವ ಮರಿಯಣ್ಣನವರೇ. ಈಗ ಇಡಕ್ಕಾಗಲ್ಲ."

ಮಾಸಿದ್ದಕ್ಕೇ ಬೆಲೆ ಎಂದು ಈ ಮನುಷ್ಯನಿಗೆ ಯಾರು ತಾನೇ ಹೇಳಿದ್ದರು? ನೆನೆದರೆ ನನಗೇ ಸಂಕಟವಾಗುತ್ತದೆ.

"ಜೀವಮಾನದಲ್ಲಿ ಒಂದ್ಸಲ ನಾಲ್ಕು ಜನ ನೋಡ್ಲಿ ಅಂತಿತ್ತು, ಅಷ್ಟೇ" ಎನ್ನುತ್ತಾರೆ ಮರಿಯಣ್ಣ. ಒಂದರಲ್ಲಾದರೂ ಹಳೇ ಬಣ್ಣ ಸಿಕ್ಕರೆ ಮುಂದಿನ ಪ್ರದರ್ಶನದಲ್ಲಿ ಇಡೋಣ ಎಂದಿದ್ದಾರೆ ವಸಿಷ್ಠ. ಅದಕ್ಕೇ ದಿನಕ್ಕೊಂದರಂತೆ ಈ ಒರೆಸಾಟ. ಇವತ್ತಿನದು ಮೂವತ್ತೊಂಬತ್ತನೆಯದು. ಬೋಳಾದ ಬೋಗಿಗಳು ಗೋಡೆಯುದ್ದಕ್ಕೂ ನಿಂತಿವೆ. ಹೆಂಡತಿ ಅಕ್ಕಯಮ್ಮ ಕಾಫಿ ಇಟ್ಟು, "ನೀವು ಬರೆದಿದ್ದಾದ್ರೂ ಇತ್ತು. ಈಗ ಅದೂ ಇಲ್ಲ" ಎಂದು ಕೆಳಗಿಳಿಯುತ್ತಾರೆ.

ಉಳಿದ ಎರಡರಲ್ಲಿ ಏನಾದರೂ ಸಿಗಬಹುದೇ ಎಂದು ಕೇಳುತ್ತೇನೆ. ಮರಿಯಣ್ಣ ಬಟ್ಟೆ ಹಿಂಡುತ್ತಾರೆ.

"ಇಲ್ಲ ಸರ್. ಕೆಲ್ಸಗಳ್ಳ ಆಗಿದ್ರೆ ಎಲ್ಲಾದ್ರೂ ಒಂದು ಮೂಲೇಲಿ ಬಿಟ್ಟಿರ್ತಿದ್ದೆ. ನಾನು ಉಜ್ಜಿದ್ಮೇಲೆ ಏನೂ ಉಳಿಯಲ್ಲ."