ಹಕಾರ ಕಲಿಸಲು ಹೋದ ದಿನ

ಬಸ್ಸು ಬೆಂಗಳೂರಿನ ಹೊರವಲಯದ ಮಾಕಳಿ ದಾಟುವಾಗ ಎಚ್ಚರವಾಯಿತು. ಹಿಂದಿನ ರಾತ್ರಿ ದಾವಣಗೆರೆ ಬಿಟ್ಟ ಸರ್ಕಾರಿ ಬಸ್ಸು ಅರ್ಧ ಗಂಟೆ ತಡವಾಗಿತ್ತು. ಪೀಣ್ಯದಲ್ಲಿ ಮೆಟ್ರೊ ಕಂಬಗಳು ಆಗಷ್ಟೇ ಏಳುತ್ತಿದ್ದವು. ಪಾಳಿ ಮುಗಿಸಿದವರು ಧೂಳಿನಲ್ಲಿ ಮೂಗಿಗೆ ಕರ್ಚೀಫು ಹಿಡಿದು ರಸ್ತೆ ದಾಟಲು ಕಾಯುತ್ತಿದ್ದರು. ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ಇಡ್ಲಿ ತಿಂದು ಎಲೆಕ್ಟ್ರಾನಿಕ್ ಸಿಟಿಯ ಬಸ್ಸು ಹತ್ತಿದೆ. ಸಿಲ್ಕ್ ಬೋರ್ಡ್ ಬಳಿ ಬಹಳ ಹೊತ್ತು ನಿಂತ ಬಸ್ಸು, ಮೇಲ್ಸೇತುವೆ ಹತ್ತಿದ ಮೇಲೆ ಕೆಲವೇ ನಿಮಿಷಗಳಲ್ಲಿ ಇಳಿಸಿತು. ಫೆಬ್ರುವರಿಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ನಾನು ದಾವಣಗೆರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಮಾತು ಬಾರದ, ಮಾತು ತೊದಲುವ ಮಕ್ಕಳಿಗೆ ತರಬೇತಿ ಕೊಡುವುದು ಕೆಲಸ. ನಮ್ಮ ನೋಂದಣಿ ನವೀಕರಣವಾಗಬೇಕಾದರೆ ಆಗಾಗ ಇಂಥ ಶಿಬಿರಗಳಿಗೆ ಹೋಗಿ ಅಂಕ ಗಳಿಸಬೇಕು. ಈ ಸಲದ ವಿಷಯ, ಕಿವಿ ಮಂದವಿರುವ ಮಕ್ಕಳ ಉಚ್ಚಾರಣೆಯನ್ನು ಪರೀಕ್ಷಿಸುವ ಬಗೆ.

ಶಿಬಿರ ನಡೆದದ್ದು ಕಂಪನಿಯೊಂದರ ತರಬೇತಿ ಸಭಾಂಗಣದಲ್ಲಿ. ಬಾಗಿಲಲ್ಲಿ ಕೂತಿದ್ದ ಹುಡುಗಿ ಪೆನ್ನು ಚಾಚಿದಳು. “ಈಗೊಂದ್ ಸೈನು, ಸಂಜೆ ಒಂದ್ ಸೈನು ಮೇಡಂ. ಊಟ ಮಾಡ್ಕೊಂಡು ಎಸ್ಕೇಪ್ ಆಗ್ಬಿಟ್ರೆ ಪಾಯಿಂಟ್ ಬರಲ್ಲ, ಈಗ್ಲೇ ಹೇಳ್ತಿದ್ದೀನಿ.”

ಪಾಠ ಮಾಡಲು ಬಂದಿದ್ದವರು ದೆಹಲಿಯ ಹಿರಿಯ ತಜ್ಞೆ. ಕನ್ನಡ ಬಾರದು. ಮುಂದಿನ ಸಾಲಿನಲ್ಲಿದ್ದ ನನ್ನನ್ನು ದುಭಾಷಿಯಾಗಿರಲು ಕೇಳಿಕೊಂಡರು. ಒಪ್ಪಿದೆ. ಹೆಮ್ಮೆಯೂ ಆಯಿತು.

ಪ್ರಾತ್ಯಕ್ಷಿಕೆಗೆ ಆನೇಕಲ್ ಕಡೆಯ ರತ್ನಮ್ಮ ಮಗಳು ಸಿಂಚನಾಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಆರು ವರ್ಷ, ಎರಡೂ ಕಿವಿಗೆ ಶ್ರವಣ ಸಾಧನ. “ಇವಳಿಗೆ ಮಿಷನ್ ಆಕಿದ್ ಮ್ಯಾಲೆ ನಾನು ಬಾಯೇ ಮುಚ್ಚಿಲ್ಲ ಮೇಡಂ. ಬಟ್ಟೆ ಒಗೆಯೋವಾಗ್ಲೂ ಮಾತು, ಒಲೆ ಮುಂದೇನೂ ಮಾತು. ನೀವೇ ಯೋಳಿದ್ರಲ್ಲ, ಮಾತಾಡ್ತಾನೇ ಇರ್ಬೇಕು ಅಂತ,” ಎಂದು ರತ್ನಮ್ಮ ನಕ್ಕರು. ಹಾಗೆ ಹೇಳಿದ್ದು ನಾನಲ್ಲ, ಅವರ ಊರಿನ ಕಡೆಯ ಯಾರೋ ಥೆರಪಿಸ್ಟ್. ಆದರೆ ನಾವೆಲ್ಲರೂ ಹೇಳುವುದು ಅದನ್ನೇ. ಇಂಥ ಮಗುವಿಗೆ ತಾಯಿಯ ಮಾತೇ ಮದ್ದು. ಅದು ನಿಂತರೆ ಮಗುವಿನ ಮಾತೂ ಸೊರಗುತ್ತದೆ.

ತಜ್ಞೆ ಒಂದೊಂದೇ ಚಿತ್ರ ತೋರಿಸಿದರು. ಹಾಲಿನ ಚಿತ್ರಕ್ಕೆ ಸಿಂಚನಾ ಗಟ್ಟಿಯಾಗಿ “ಆಲು” ಎಂದಳು. ಹೂವಿಗೆ “ಊವ”. ಹಸುವಿಗೆ “ಅಸ”. ತಜ್ಞೆ ನನ್ನತ್ತ ತಿರುಗಿ, ಇದು ಸರಿಯೇ ಎಂದು ಕೇಳಿದರು.

ತಪ್ಪು ಎಂದೆ. ಕನ್ನಡದಲ್ಲಿ ಅದು ಹಾಲು ಎಂದೆ.

ಮೂರು ಪದಗಳ ಮುಂದೆಯೂ ಕೆಂಪು ಗುರುತು ಬಿತ್ತು. ಸಭಾಂಗಣದಲ್ಲಿ ಕನ್ನಡ ಬಲ್ಲವರು ಬೇಕಾದಷ್ಟು ಜನರಿದ್ದರು, ಅವರೂ ತಪ್ಪು ತಪ್ಪು ಎಂದು ತಲೆಯಾಡಿಸಿದರು. ಮಗುವಿಗೆ ಹಕಾರ ಕೇಳಿಸುತ್ತಿಲ್ಲ, ಮನೆಯಲ್ಲಿ ತಾಯಿ ದಿನವೂ ಅಭ್ಯಾಸ ಮಾಡಿಸಬೇಕು ಎಂದರು ತಜ್ಞೆ. ನಾನು ಅದನ್ನು ರತ್ನಮ್ಮನಿಗೆ ಕನ್ನಡದಲ್ಲಿ ಹೇಳಿ, ಹೇಗೆ ಎಂದು ತೋರಿಸಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು “ಹಾ... ಹಾಲು.”

ರತ್ನಮ್ಮ ಅಂಗೈ ಹಿಡಿದರು. “ಆ... ಆಲು.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. “ಮೊದ್ಲು ಅಮ್ಮಂಗೇ ಥೆರಪಿ ಕೊಡ್ಬೇಕು ಕಣ್ರೀ,” ಎಂಬ ಮಾತೂ ಕೇಳಿಸಿತು.

ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಮಗುವಿಗೆ ಕೇಳಿಸುತ್ತಿಲ್ಲ ಎಂಬುದು ಸುಳ್ಳು. ತಾಯಿ ಅಂದದ್ದನ್ನು ಕೇಳಿಸಿಕೊಂಡು, ಇದ್ದದ್ದು ಇದ್ದ ಹಾಗೆ ಒಪ್ಪಿಸಿದ್ದಳು. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲು ಆಲೇ. ಆಡುನುಡಿ ದೋಷವಲ್ಲ ಎಂದು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ.

ರತ್ನಮ್ಮ ಸೆರಗು ಸರಿಮಾಡಿಕೊಂಡರು. “ತೆಪ್ಪು ನಂದೇ ಬುಡಿ ಮೇಡಂ. ನಾನೇ ಅಂಗನ್ನೋದು. ಇನ್ ಮ್ಯಾಲೆ ಇವಳತ್ರ ನಾನ್ ಮಾತಾಡಾಕಿಲ್ಲ. ಇಸ್ಕೂಲ್ ಮಿಸ್ಸತ್ರಾನೇ ಕಲೀಲಿ.”

ತಾಯಿ ಏನು ಹೇಳಿದರು ಎಂದು ತಜ್ಞೆ ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪ್ರಯತ್ನಪಡುತ್ತಾರಂತೆ ಎಂದೆ. ತಜ್ಞೆ ಸಂತೋಷದಿಂದ ತಲೆಯಾಡಿಸಿದರು.

ಊಟಕ್ಕೆ ಪಲಾವ್, ಮೊಸರು ಬಜ್ಜಿ, ಜಾಮೂನು ಇದ್ದವು. ತಿಂದೆ. ಮಧ್ಯಾಹ್ನದ ಎರಡು ಉಪನ್ಯಾಸಗಳಲ್ಲಿ ಪ್ರಶ್ನೆ ಕೇಳಲು ಅವಕಾಶವಿತ್ತು, ಕೇಳಲಿಲ್ಲ. ಸಂಜೆಯ ಸಹಿ ಹಾಕಿ, ಪ್ರಮಾಣಪತ್ರ ತೆಗೆದುಕೊಂಡು ಹೊರಬಂದೆ.

ಬಸ್ ಚಾರ್ಜಿನ ಹಣಕ್ಕಾಗಿ ಸಂಜೆಯವರೆಗೆ ಉಳಿದಿದ್ದ ತಾಯಿ ಮಗಳು ನಿಲ್ದಾಣದಲ್ಲಿ ಕಾಯುತ್ತಿದ್ದರು. ಕಂಪನಿ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಸಿಂಚನಾ ತಾಯಿಯ ಸೆರಗು ಎಳೆದೆಳೆದು ಒಂದೊಂದನ್ನೂ ತೋರಿಸಿ ಏನೋ ಹೇಳುತ್ತಿದ್ದಳು. ರತ್ನಮ್ಮ ರಸ್ತೆ ನೋಡುತ್ತ ಸುಮ್ಮನೆ ನಿಂತಿದ್ದರು. ಆನೇಕಲ್ ಬಸ್ಸು ಬಂತು, ಅವರು ಹತ್ತಿದರು. ನಾನು ಹೋಗಬೇಕಾದದ್ದು ಎದುರು ದಿಕ್ಕಿಗೆ, ಮೆಜೆಸ್ಟಿಕ್ ಕಡೆಗೆ. ಅವರ ಹಿಂದೆಯೇ ಹತ್ತಿದೆ.

ಸೀಟು ಸಿಗಲಿಲ್ಲ, ಅವರ ಪಕ್ಕದಲ್ಲೇ ನಿಂತೆ. ರತ್ನಮ್ಮ ಮುಖ ಎತ್ತಿ ನೋಡಿ, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಕಂಡಕ್ಟರ್ ಬಂದ.

“ಎಲ್ಲಿಗಮ್ಮಾ?”

ರತ್ನಮ್ಮ ನನ್ನತ್ತ ಒಮ್ಮೆ ನೋಡಿ, ಅಂಗೈ ಬಾಯಿಯ ಬಳಿ ಹಿಡಿದು, ಉಸಿರು ಬಿಟ್ಟು ಹೇಳಿದರು. “ಹಾ... ಹಾನೇಕಲ್. ಒಂದೂವರೆ.”

“ಹಾನೇಕಲ್ಲಾ? ಅದ್ಯಾವೂರಮ್ಮ, ನಮ್ ರೂಟಲ್ಲಿ ಇಲ್ವಲ್ಲ!” ಬಸ್ಸಿನಲ್ಲಿದ್ದವರು ನಕ್ಕರು.

“ಅವ್ವಾ, ಆನೇಕಲ್,” ಎಂದಳು ಸಿಂಚನಾ, ತಾಯಿಯ ಬಾಯಿಯನ್ನೇ ನೋಡುತ್ತ.

ರತ್ನಮ್ಮನ ಮುಖ ಕಿವಿಯವರೆಗೂ ಕೆಂಪೇರಿತು. ನಾನು ಕಂಬಿ ಹಿಡಿದು ಅವರತ್ತ ಬಾಗಿದೆ. ಗಾಡಿಯ ಸದ್ದಿಗೆ ಗಟ್ಟಿಯಾಗಿಯೇ ಹೇಳಬೇಕಾಯಿತು. “ರತ್ನಮ್ಮಾರೇ, ನಿಮ್ಮ ಮಗಳು ಬೆಳಿಗ್ಗೆ ಹೇಳಿದ್ದು ಸರಿ ಇತ್ರಿ. ತಪ್ಪು ಅಂದಿದ್ದು ನನ್ನ ತಪ್ಪು. ನಿಮ್ಮ ಬಾಯಾಗ ಹೆಂಗ್ ಬರ್ತದೋ ಹಂಗೇ ಮಾತಾಡ್ರಿ. ಬಿಡಬ್ಯಾಡ್ರಿ. ನೀವು ಸುಮ್ಮನಾದ್ರೆ ಆಕಿಗೆ ಮಾತು ಎಲ್ಲಿಂದ ಬರ್ಬೇಕ್ರಿ?”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಷ್ಟ್ ಜನ ಓದ್ದೋರು ತೆಪ್ಪು ಅಂದ್ರಲ್ಲ?”

“ನಾನು ಅಂದೆ ಅಂತ ಅವ್ರೂ ಅಂದ್ರು.”

“ಅಂಗಾದ್ರೆ ಅಲ್ಲೇ ಯೋಳ್ಬೇಕಿತ್ತು ಮೇಡಂ, ಎಲ್ಲಾರ್ ಮುಂದೆ. ಬಸ್ಸಲ್ ಬಂದು ಯೋಳಿದ್ರೆ ಯಾರ್ ಕೇಳ್ತಾರೆ?”

ನಾನು ಕಂಡಕ್ಟರಿಗೆ ದುಡ್ಡು ಚಾಚಿ, ಚಂದಾಪುರಕ್ಕೆ ಒಂದು ಟಿಕೆಟ್ ತೆಗೆದುಕೊಂಡೆ. ಅಲ್ಲಿ, ಆನೇಕಲ್ ರಸ್ತೆಗೆ ತಿರುಗುವ ಮೊದಲು ಬಸ್ಸು ನಿಂತಿತು. ತರಕಾರಿ ಗಾಡಿಯ ಬಳಿ ಹಸುವೊಂದು ಕೋಸಿನ ಎಲೆ ಮೆಲ್ಲುತ್ತಿತ್ತು.

“ಅವ್ವಾ, ಅಸ!” ಸಿಂಚನಾ ಕಿಟಕಿ ಬಡಿದಳು. “ಅವ್ವಾ, ಅಸ!”

ರತ್ನಮ್ಮ ಮೊದಲು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಆಮೇಲೆ ಮಗಳ ಕಡೆ ತಿರುಗಿ, ನನಗೆ ಕೇಳಿಸದಿರಲಿ ಎಂಬಂತೆ ಮೆಲ್ಲಗೆ, “ಊಂ ಕಣವ್ವ, ಅಸ,” ಎಂದರು.

ನಾನು ಅಲ್ಲೇ ಇಳಿದು, ರಸ್ತೆಯ ಆ ಬದಿಗೆ ಹೋಗಿ ಮೆಜೆಸ್ಟಿಕ್ ಬಸ್ಸಿಗೆ ಕಾದೆ. ಸ್ವಂತ ಮಗಳಿಗೆ ಉತ್ತರ ಕೊಡಲು ಅವರು ನನ್ನ ಅಪ್ಪಣೆಗೆ ಕಾದಿದ್ದರು.