ಮಾಳಿಗೆಯ ಮಣ್ಣಿಗೆ ಎಷ್ಟು ಬಾಣ

ಕಂಪ್ಯೂಟರಿಗೆ ಎಲ್ಲ ಗೊತ್ತಿರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಹಾಗೆ ನಂಬುವುದು ಸುಲಭ. ಅದಕ್ಕೆ ಏನೂ ಗೊತ್ತಿಲ್ಲ, ನಾವು ಹೇಳಿದ್ದನ್ನಷ್ಟೇ ನಂಬುತ್ತದೆ ಎಂದು ಮೊನ್ನೆ ತಿಳಿಯಿತು.

ಮೊಮ್ಮಗಳು ಸುಜಾತಾ ಗೋಕಾಕದಲ್ಲಿ ಎಂಜಿನಿಯರ್. ಕುಲಗೋಡದ ನಮ್ಮ ಮನೆಯ ಪಡಸಾಲೆಯಲ್ಲಿ ಮಣ್ಣಿನ ಮಾಳಿಗೆ ಹೊತ್ತ ತೊಲೆ ಬಾಗಿದೆ. ಅಡಿಯಲ್ಲಿ ಕಬ್ಬಿಣದ ತೊಲೆ ಕೊಟ್ಟರೆ ಉಳಿದೀತೋ, ಕೆಡವಬೇಕೋ ಎಂದು ನೋಡಲು ಅವಳು ಲ್ಯಾಪ್‌ಟಾಪ್ ತೆರೆದಳು. ಅದರಡಿ ಐದು ಮಂದಿ ಮಲಗುತ್ತೇವೆ. ಹಾಗಾಗಿ ನಾನೂ ಬಾಜೂ ಕುಳಿತೆ.

ಪರದೆಯಲ್ಲಿ ನಮ್ಮ ಮನೆ ಬರೀ ಗೆರೆ. ಅದರ ಮೇಲೆ ಬಾಣ ಇಳಿಸುತ್ತ ಹೋದಳು: ಇದು ಮಣ್ಣಿನ ಭಾರ, ಇದು ಮೇಲೆ ಓಡಾಡುವ ಮಂದಿ, ಇದು ಗಾಳಿ. ಎಲ್ಲ ಒಮ್ಮೆಗೇ ಬಂದರೆ ಏನಾದೀತು ಎಂದೂ ಕೇಳಬೇಕಂತೆ.

“ಬಿರುಗಾಳ್ಯಾಗ ಮ್ಯಾಳಗಿ ಏರೂ ಹುಚ್ಚರು ಯಾರ ಅದಾರ?” ಎಂದೆ.

“ನೀ ಅದಿಯಲ್ಲ ಆಯಿ!”

ಖರೆ. ಹೋದ ಬೇಸಿಗೆಯಲ್ಲಿ ಸಂಡಿಗೆ ಉಳಿಸಲು ಏರಿದ್ದೆ.

ತೊಲೆಗೆ ಸ್ವಂತ ಭಾರ ಉಂಟೆಂದೂ ಬೇರೆ ಗುರುತು ಹಾಕಿ ಹೇಳಬೇಕು. ಮರೆತರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಹತ್ತಿಯಷ್ಟು ಹಗುರ. ತಮ್ಮ ಭಾರ ಬಿಟ್ಟು ಊರವರದ್ದು ಎಣಿಸುವವರು ನಮ್ಮ ಓಣಿಯಲ್ಲೂ ಇದ್ದಾರೆ.

ಕೊನೆಗೆ ಪರದೆಯ ಗೆರೆಯೆಲ್ಲ ಹಸಿರಾಯಿತು. “ನಿಲ್ತೈತಿ!” ಎಂದು ಅವಳು ಕಬ್ಬಿಣದ ಅಂಗಡಿಗೆ ಫೋನ್ ಮಾಡಲು ಎದ್ದಳು.

“ಮಣ್ಣ ಎಷ್ಟ ಹಿಡದಿ?”

“ಒಂದ ಗೇಣ. ಅಂಚಿನ್ಯಾಗ ಅಳದೇನಿ.”

“ಸೋರೂದು ಅಂಚಿನ್ಯಾಗಲ್ಲವಾ, ನಡಬರಕ!”

ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಮಾಳಿಗೆಗೆ ನೀರು ಇಳಿಯಗೊಡದ ಹೊಸ ಸವಳು ಮಣ್ಣು ಹಾಕುವುದು ನಮ್ಮಲ್ಲಿ ರೂಢಿ. ಹಳೆಯದನ್ನು ತೆಗೆಯುವ ರೂಢಿ ಇಲ್ಲ. ಸೊಸೆಯಾಗಿ ಬಂದಾಗಿನಿಂದ ಬುಟ್ಟಿ ಹೊತ್ತವಳು ನಾನೇ. ಸೋರಿದಲ್ಲಿ ಇನ್ನೊಂದು ಬುಟ್ಟಿ.

ಸುಜಾತಾ ಮೇಲೇರಿ ನಟ್ಟನಡುವೆ ಸಲಾಕೆ ಇಳಿಸಿದಳು. ಎರಡೂವರೆ ಗೇಣು! ಅಂಕಿ ತಿದ್ದಿದ್ದೇ ತಡ, ಹಸಿರೆಲ್ಲ ಕೆಂಪಾಯಿತು.

“ತೊಲಿ ಬಾಗಿಸಿದಾಕಿ ನೀನ ನೋಡ, ಆಯಿ.”

“ಹೌದವಾ, ನಾನ. ಕೆಡವೂದು ಬ್ಯಾಡ. ಹಾಕಿದ್ದನ್ನ ತಗಿಯಾಕ ಬರ್ತೈತಿಲ್ಲೊ?”

ಅವಳು ಮತ್ತೆ ಒಂದು ಗೇಣು ಎಂದು ಬರೆದಳು. ಹಸಿರು. ಹಾಸಿಗೆ ಅಂಗಳಕ್ಕೆ ಬಂತು, ಮಣ್ಣು ಹಿತ್ತಿಲಿಗೆ ಇಳಿಯತೊಡಗಿತು. ಹಿತ್ತಿಲ ಗುಡ್ಡೆ ಈಗ ನನಗಿಂತ ಎತ್ತರ. ಸೋರಬಾರದೆಂದು ಅಷ್ಟನ್ನೂ ತಲೆಯ ಮೇಲೆಯೇ ಒಟ್ಟಿಕೊಂಡು ಮಲಗಿದ್ದೆವು.

ಈ ಮಳೆಗಾಲ ಸೋರಿದರೆ ಕೆಳಗೊಂದು ಕೊಡ ಇಡುತ್ತೇನೆ. ಕೊಡ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಎತ್ತಿ ಚೆಲ್ಲಬಹುದು.